ಲೋಳೆರಾಯನ ಕೈಯಲ್ಲಿ ನನ್ನ ಮುಖ

ಬೆಳಿಗ್ಗೆ ಹತ್ತೂಕಾಲಿಗೆ ಅವಳು ತನ್ನದೇ ಹೆಣವನ್ನು ನೋಡಿದಳು.

ಹೆಣ ಕಾಗದದ ಮೇಲಿತ್ತು. 'ಸಿಡಿಲುಗೈ' ಕಾಮಿಕ್ಸ್‌ನ ಮುಂದಿನ ಸಂಚಿಕೆಯ ಮುಖಪುಟ. ಖಳನಾಯಕ ಲೋಳೆರಾಯನ ಕೈಯಲ್ಲಿ ನಾಯಕನ ಪ್ರೇಯಸಿ ಸತ್ತು ಜೋತುಬಿದ್ದಿದ್ದಳು. ಬಟ್ಟೆ ಹರಿದಿತ್ತು. ಎದೆ, ಬೆನ್ನು ಎರಡೂ ಓದುಗರ ಕಡೆಗೇ ಕಾಣುವಂತೆ ಸೊಂಟವನ್ನು ಒದ್ದೆ ಬಟ್ಟೆಯಂತೆ ಹಿಂಡಲಾಗಿತ್ತು. ತೆರೆದ ಬಾಯಿಂದ ಲೋಳೆ ಇಳಿಯುತ್ತಿತ್ತು.

ಮುಖ ಮಾತ್ರ ಅವಳದು! ನಡುವೆ ಸೀಳಿದ ಎಡಹುಬ್ಬು, ತುಸು ಅಡ್ಡವಾದ ಮುಂದಿನ ಹಲ್ಲು...

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಪೆನ್ಸಿಲ್ ಚಿತ್ರದ ಮೇಲೆ ಶಾಯಿಯ ಗೆರೆ ಎಳೆಯುವುದು ಅವಳ ಕೆಲಸ. ಕಚೇರಿಯಲ್ಲಿ ಎಲ್ಲರೂ ಅವಳನ್ನು ಮಸಿ ಎಂದೇ ಕರೆಯುತ್ತಿದ್ದರು. ಚಿತ್ರ ಬಿಡಿಸುವವನಿಗೆ ಪೆನ್ಸಿಲ್ ಎಂದೇ ಹೆಸರು. ಮೂರು ವರ್ಷದಿಂದ ಪಕ್ಕದ ಮೇಜಿನವನು, ಮಾತು ಕಡಿಮೆ. ಅವನ ಗೆರೆಗಳ ಮೇಲೆ ಕುಂಚ ಓಡಿಸುವಾಗ ಅವಳಿಗೆ ಏನೋ ಒಂದು ಹಿತ... ಅದನ್ನು ಯಾರಿಗೂ ಹೇಳಿರಲಿಲ್ಲ.

'ಇವನನ್ನಾ ನಾನು ಒಳ್ಳೆಯವನು ಅಂದ್ಕೊಂಡಿದ್ದು? ಥೂ!'

ಹಾಳೆಯನ್ನು ಗೋಡೆಯ ಹಲಗೆಯಿಂದ ಕಿತ್ತು, ಸತ್ತ ಇಲಿಯಂತೆ ಎರಡೇ ಬೆರಳಲ್ಲಿ ಹಿಡಿದು, ಅವನ ಮೇಜಿಗೆ ಎಸೆದಳು.

"ಏನ್ರೀ ಇದು?"

"ಮುಖಪುಟ... ಸಂಪಾದಕರು ಹೇಳಿದ ಹಾಗೇ ಬಿಡಿಸಿದೀನಿ. ನನಗೂ ಅಸಹ್ಯನೇ."

"ನನ್ನ ಮುಖ ಹಾಕು ಅಂತಾನೂ ಹೇಳಿದ್ರಾ?"

"ನಿಮ್ಮ ಮುಖಾನಾ? ಎಲ್ಲಿ?"

"ನಾಟಕ ಆಡ್ಬೇಡಿ!"

ಬಣ್ಣ ಹಚ್ಚುವ ಅಕ್ಕ ಇಣುಕಿದಳು. "ಅಯ್ಯೋ ಮಸಿ, ಇದು ನೀನೇ ಕಣೆ! ಸೊಂಟ ಮಾತ್ರ ಮನುಷ್ಯರದ್ದಲ್ಲ."

ಅವನು ಹಾಳೆ ನೋಡಿದ. ಮಸಿಯನ್ನು ನೋಡಿದ. ಮುಖ ಬಿಳಿಚಿತು. ಬೀರುವಿನಿಂದ ಹಳೆಯ ಸಂಚಿಕೆಗಳ ಮೂಲ ಹಾಳೆಗಳನ್ನು ತಂದು ಹರಡಿದ. ಪೈಲಟ್, ನರ್ಸು, ಬ್ಯಾಂಕು ದೋಚುವ ಹೆಂಗಸು, ಮಂಗಳಗ್ರಹದ ರಾಣಿ... ಎಲ್ಲರಿಗೂ ಸೀಳುಹುಬ್ಬು. ಎಲ್ಲರಿಗೂ ಅವಳದೇ ಹಲ್ಲು!

"ಮುಖ ಬೇಕಾದಾಗಲೆಲ್ಲ ಪಕ್ಕಕ್ಕೆ ನೋಡ್ತಿದ್ದೆ ಅನ್ಸುತ್ತೆ... ಸತ್ಯವಾಗ್ಲೂ ಗೊತ್ತಾಗ್ಲಿಲ್ಲ ರೀ."

ಅವಳು ಬೆಚ್ಚಿದಳು. ಇವಕ್ಕೆಲ್ಲ ಶಾಯಿ ಹಾಕಿದವಳು ತಾನೇ! ಕೈ ಸಲೀಸಾಗಿ ಓಡಲೆಂದು ಅವಳು ಹಾಳೆಯನ್ನು ತಲೆಕೆಳಗಾಗಿ ಇಟ್ಟುಕೊಳ್ಳುತ್ತಿದ್ದಳು. ಗೆರೆ ಕಂಡಿತ್ತು, ಮುಖ ಕಂಡಿರಲಿಲ್ಲ. ಮುಖಪುಟವನ್ನು ಮಾತ್ರ ಹಲಗೆಗೆ ನೆಟ್ಟಗೆ ಸಿಕ್ಕಿಸುತ್ತಿದ್ದರು. ಅದರಲ್ಲಿ ಹೆಣ್ಣಿನ ಮುಖ ಬಂದದ್ದು ಇದೇ ಮೊದಲು.

"ನಾನು ಯಾವತ್ತೋ ನೋಡಿದ್ದೆ," ಅಕ್ಕ ಅಂದಳು. "ಇಬ್ಬರಿಗೂ ಗೊತ್ತಿದ್ದು ಸುಮ್ಮನಿದೀರ ಅಂದ್ಕೊಂಡಿದ್ದೆ!"

ಮಸಿಯ ಕೋಪ ತುಸು ಇಳಿಯಿತು. ಹೇಸಿಗೆ ಇಳಿಯಲಿಲ್ಲ.

"ಕದ್ದು ನೋಡಿ, ಕೊನೆಗೆ ಕೊಂದು, ಲೋಳೆನೂ ಬಳಿದಿದೀರ. ನಾಲ್ಕು ಗಂಟೆಗೆ ಇದು ಅಚ್ಚಿಗೆ ಹೋದ್ರೆ ಅಂಗಡಿ ಅಂಗಡಿಯಲ್ಲೂ ನಾನು ಹೀಗೇ ನೇತಾಡ್ಬೇಕು!"

ಅಷ್ಟರಲ್ಲಿ ಸಂಪಾದಕರು ಬಂದರು.

"ಅದ್ಭುತ! ಒಂದು ಗೆರೆನೂ ಬದಲಾಯಿಸ್ಬೇಡಿ. ಮಸಿ, ಲೋಳೆ ಇನ್ನೂ ಸ್ವಲ್ಪ ಹೊಳೀಲಮ್ಮ."

ಅವಳು ಶಾಯಿ ಬಾಟಲಿಗೆ ಮುಚ್ಚಳ ಬಿಗಿದಳು.

ಪೆನ್ಸಿಲ್ ತನ್ನ ಮೇಜಿನಿಂದ ರಬ್ಬರು ತೆಗೆದುಕೊಂಡ. ಮೊದಲು ಮುಖ ಅಳಿಸಿದ. ಆಮೇಲೆ ಎದೆ, ಸೊಂಟ, ಲೋಳೆ...

"ಏಯ್! ಏನೋ ಮಾಡ್ತಿದೀಯ?"

"ಬಿಡಿಸಿದ್ದು ನಾನು ಸರ್, ಅಳಿಸೋದೂ ನಾನೇ. ಬೇಕಿದ್ರೆ ಕೆಲಸದಿಂದ ತೆಗೀರಿ."

"ತಲೆ ಕೆಟ್ಟಿದೆ ನಿಂಗೆ!" ಸಂಪಾದಕರು ಬಾಗಿಲು ಬಡಿದುಕೊಂಡು ಹೋದರು. ಅಕ್ಕನೂ ಮೆಲ್ಲಗೆ ಜಾರಿಕೊಂಡಳು.

"ಕೇಳದೆ ಬಿಡಿಸಿದ್ದು ತಪ್ಪು," ಅವನು ತಲೆ ಎತ್ತಲಿಲ್ಲ. "ನೀವು ಇಷ್ಟ ಅಂತ ನನ್ನ ಕೈಗೆ ಗೊತ್ತಿತ್ತು. ನನಗೆ ಗೊತ್ತಾಗಿದ್ದು ಇವತ್ತು."

"ಅದನ್ನ ಹೆಣ ಬಿಡಿಸಿ ಹೇಳೋದಾ?"

"ಇಲ್ಲ... ಈಗ ಬಾಯಲ್ಲಿ ಹೇಳ್ತಿದೀನಿ."

ಹೇಸಿಗೆ ಇನ್ನೂ ಹೋಗಿರಲಿಲ್ಲ. ಆದರೂ ಅವಳು ಅಲ್ಲಿಂದ ಹೋಗಲಿಲ್ಲ.

"ಬೇರೆ ಬಿಡಿಸಿ. ಅವಳು ಎದ್ದು ನಿಂತಿರಲಿ. ಬೆನ್ನುಮೂಳೆ ಇರೋ ಜಾಗದಲ್ಲೇ ಇರಲಿ."

"ಮುಖ?"

"ಮೊದಲು ಕೇಳಿ."

"ನಿಮ್ಮ ಮುಖ ಬಿಡಿಸಲಾ?"

"ಊಂ... ನನ್ನ ಕಡೆ ತಿರುಗಿ ಕೂತ್ಕೊಳ್ಳಿ. ಕದ್ದು ನೋಡಿದ್ದು ಸಾಕು."

ಕೈಯಲ್ಲಿ ಇನ್ನೊಂದು ಮುಖಪುಟ ಇಲ್ಲದ್ದರಿಂದ ಸಂಪಾದಕರು ಅವಳು ಎದ್ದು ನಿಂತ ಆ ಹೊಸ ಚಿತ್ರವನ್ನೇ ಒಪ್ಪಿಕೊಂಡರು. ಸಂಚಿಕೆ ಎರಡು ದಿನ ತಡವಾಗಿ ಅಂಗಡಿಗಳಿಗೆ ಬಂತು.