ಅಜ್ಜ ಕೈ ಇಟ್ಟ ಪಂಪು

"ಯವ್ವಾ ವಿದ್ಯಾ, ಅದನ್ನ ಬಂದ್ ಮಾಡವಾ! ತಲಿ ಗುಂಯ್ ಅನ್ನಾಕತ್ತೇತಿ."

ಆಯಿ ಮಂಚದ ಮೇಲಿಂದ ಕೂಗಿದಳು. ಆಯಿ ಅಂದರೆ ವಿದ್ಯಾಳ ಅಜ್ಜಿ ಅಡಿವೆವ್ವ. ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ ಮೇಲೆ ಪಡಸಾಲೆಯಲ್ಲೇ ಮಲಗಿರುತ್ತಿದ್ದಳು. ಮೀನಿನ ಗಾಜಿನ ತೊಟ್ಟಿಯೂ ಅಲ್ಲೇ ಇತ್ತು. ಅದರ ಹಳೇ ಪಂಪು ಹಿಟ್ಟಿನ ಗಿರಣಿಯ ಹಾಗೆ ಗರಗರ ಅನ್ನುತ್ತಿತ್ತು.

ವಿದ್ಯಾ ಸ್ವಿಚ್ ಆರಿಸಿದಳು. ಸ್ವಲ್ಪ ಹೊತ್ತಿಗೆ ಮೂರೂ ಗೋಲ್ಡ್‌ಫಿಶ್ ಮೇಲೆ ಬಂದು ಬಾಯಿ ಬಿಡತೊಡಗಿದವು. ಪಾಪ ಅನ್ನಿಸಿ ಮತ್ತೆ ಹಾಕಿದಳು. ಆಯಿ ಮತ್ತೆ ನರಳಿದಳು.

"ಮೀನ ಯಾರಿಗರೆ ಕೊಟ್ಟಬಿಡೂಣು," ಎಂದಳು ಅವ್ವ.

"ಬ್ಯಾಡ!" ಎಂದವಳು ಆಯಿಯೇ. "ಅವನ್ನ ನೋಡ್ಕೋತ ನನ್ನ ಹೊತ್ತು ಹೊಂಟೇತಿ. ಸಪ್ಪಳ ಒಂದ ಬ್ಯಾಡ."

ಅಜ್ಜ ಉಡಚಪ್ಪ ಎದ್ದು ನಿಂತ. ಶಿಗ್ಗಾಂವಿಯಲ್ಲಿ ನಲವತ್ತು ವರ್ಷ ಸುಟ್ಟ ಮೋಟರುಗಳಿಗೆ ತಂತಿ ಸುತ್ತಿದವನು ಅವನು. ರಿಪೇರಿಯಾದ ಪಂಪ್‌ಸೆಟ್ ಚಾಲೂ ಮಾಡಿ, ಅಂಗೈ ಇಟ್ಟು, "ತಣ್ಣಗೈತಿ, ಒಯ್ರಿ" ಎಂದರೆ ಮುಗಿಯಿತು. ಅಜ್ಜ ಕೈ ಇಟ್ಟ ಮೇಲೆ ಇನ್ನೊಬ್ಬರು ಇಟ್ಟು ನೋಡುತ್ತಿರಲಿಲ್ಲ.

"ಅಂಗಡಿಗೆ ಯಾಕ ಹೋಗೂದು? ಮನ್ಯಾಗ ಕೂಲರ್ ಪಂಪ್ ಐತಿ," ಎಂದು ಅಟ್ಟದ ಮೇಲಿನ ಹಳೇ ಕೂಲರಿನಿಂದ ಪಂಪು ಬಿಚ್ಚಿ ತಂದ. ಬಕೆಟ್ ನೀರಿನಲ್ಲಿಟ್ಟು ಓಡಿಸಿದ. ವಿದ್ಯಾ ಬಕೆಟ್ಟಿಗೆ ಕಿವಿ ಹಚ್ಚಿದಳು. ಸಪ್ಪಳವೇ ಇಲ್ಲ!

"ಅಜ್ಜಾ, ಬಿಸಿ ಆಗೂದಿಲ್ಲೇನು?"

ಅಜ್ಜ ಸ್ವಿಚ್ ಆರಿಸಿ ಕೈ ಇಟ್ಟ. "ತಣ್ಣಗೈತಿ."

ವಿದ್ಯಾ ಮುಟ್ಟಿ ನೋಡಲಿಲ್ಲ. ಅಜ್ಜನೇ ಹೇಳಿದ ಮೇಲೆ ಯಾಕೆ?

ಕೂಲರ್ ಪಂಪು ತೊಟ್ಟಿಗೆ ಸೇರಿತು. ಅವತ್ತು ಆಯಿ ಗಡದ್ದಾಗಿ ನಿದ್ದೆ ಮಾಡಿದಳು. ಅಜ್ಜನ ಮೀಸೆ ಒಂದು ಇಂಚು ಮೇಲೇರಿತು.

ಮರುದಿನ ವಿದ್ಯಾ ಶಾಲೆಯಿಂದ ಬಂದಾಗ ಆಯಿ ಅಳುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವ್ವ ಹೊಲಕ್ಕೆ ಹೋಗಿದ್ದಳು, ಅಜ್ಜ ಸಂತೆಗೆ.

"ಎಷ್ಟ ಕೂಗಿದೆ, ಯಾರೂ ಬರಲಿಲ್ಲವಾ. ನನಗ ಏಳಾಕ ಆಗಲಿಲ್ಲ. ನನ್ನ ಕಣ್ಮುಂದನ ಹ್ವಾದು."

ಎರಡು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ವಿದ್ಯಾ ಸ್ವಿಚ್ ಆರಿಸಿ ನೀರಿಗೆ ಕೈ ಹಾಕಿದಳು. ಜಳಕದ ನೀರಿನಷ್ಟು ಬಿಸಿ! ಕೂಲರಿನಲ್ಲಾದರೆ ಗಾಳಿಗೆ ನೀರು ತಣ್ಣಗಾಗುತ್ತಿತ್ತು. ಗಾಜಿನ ತೊಟ್ಟಿಯಲ್ಲಿ ಪಂಪಿನ ಬಿಸಿಯೆಲ್ಲ ಅಲ್ಲೇ ಉಳಿದಿತ್ತು. ಉಸಿರಿದ್ದ ಒಂದು ಮೀನನ್ನು ಲಗುಬಗೆಯಿಂದ ಬಕೆಟ್ಟಿಗೆ ಬಿಟ್ಟಳು.

ಅಷ್ಟರಲ್ಲಿ ಅಜ್ಜ ಬಂದ. ತೊಟ್ಟಿಯಲ್ಲಿ ಕೈ ಅದ್ದಿದ.

"ನೀರು ತಣ್ಣಗ ಐತಲ್ಲ! ಮೀನಕ್ಕ ಏನರೆ ರೋಗ ಬಂದಿರಬೇಕು."

ವಿದ್ಯಾಗೆ ಸಿಟ್ಟು ನೆತ್ತಿಗೇರಿತು. ತಪ್ಪು ಮುಚ್ಚಿಕೊಳ್ಳಲು ಅಜ್ಜ ಸುಳ್ಳು ಹೇಳುತ್ತಾನೆ! ಒಬ್ಬಳೇ ಹೋಗಿ ಎರಡೂ ಮೀನುಗಳನ್ನು ಕರಿಬೇವಿನ ಗಿಡದ ಬುಡದಲ್ಲಿ ಮುಚ್ಚಿದಳು. ಅತ್ತಳು. ಅಜ್ಜನ ಜೊತೆ ಮಾತು ಬಿಟ್ಟಳು.

ಬೆಳಿಗ್ಗೆ ಅವ್ವ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟಳು. ಅಜ್ಜ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಆಮೇಲೆ ವಿದ್ಯಾಳತ್ತ ಚಾಚಿದ.

"ತಗೋ, ಆಯಿಗೆ ಕೊಡು. ಸಿಟ್ಟ ಬಿಡವಾ."

ವಿದ್ಯಾ ಮುಖ ಊದಿಸಿಕೊಂಡೇ ಹಿಡಿದಳು. "ಅಯ್ಯಯ್ಯೋ!" ಲೋಟ ಕೈಬಿಟ್ಟು ಚಹಾ ಎಲ್ಲ ಚೆಲ್ಲಿತು. "ಅಜ್ಜಾ, ಕುದಿಯಾಕತ್ತೇತಿ! ಹೆಂಗ ಹಿಡಿದಿದ್ದಿ?"

ಅಜ್ಜ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ನಲವತ್ತು ವರ್ಷ ಕಾದ ತಂತಿ ಹಿಡಿದು ಚರ್ಮ ದಪ್ಪಗೆ, ಕರ್ರಗೆ ಆಗಿತ್ತು. ನಡುವೆ ಲೋಟದ ಗುರುತು ಕೆಂಪಗೆ ಮೂಡಿತ್ತು.

ಅಜ್ಜ ಸುಳ್ಳು ಹೇಳಿರಲಿಲ್ಲ. ಅವನ ಕೈಗೆ ಬಿಸಿ ಗೊತ್ತೇ ಆಗುತ್ತಿರಲಿಲ್ಲ.

ಭಾನುವಾರ ಅಜ್ಜ ಮೊಮ್ಮಗಳು ಬಸ್ಸು ಹತ್ತಿ ಸವಣೂರಿಗೆ ಹೋದರು. ಅಲ್ಲಿ ಅಜ್ಜನ ಪರಿಚಯದ ವಸೀಮನ ಸಾಕುಮೀನಿನ ಅಂಗಡಿ ಇತ್ತು. ಅವನು ಎರಡು ಪಂಪು ನೀರಿನಲ್ಲಿಟ್ಟು ಅರ್ಧ ತಾಸು ಓಡಿಸಿ, ಆರಿಸಿದ.

"ಸಪ್ಪಳ ಎರಡರದೂ ಇಲ್ರಿ ಅಜ್ಜಾರ. ಯಾವುದು ತಣ್ಣಗೈತಿ, ನೀವ ಕೈ ಇಟ್ಟು ನೋಡ್ರಿ. ನಿಮಗ ನಾ ಏನ್ ಹೇಳೂದು?"

ಅಜ್ಜ ದೊಡ್ಡ ಪಂಪಿನ ಮೇಲೆ ಕೈ ಇಟ್ಟ. ಸಣ್ಣದರ ಮೇಲೆ ಇಟ್ಟ. ಮತ್ತೆ ದೊಡ್ಡದರ ಮೇಲೆ ಇಟ್ಟ.

"ಯಾವುದ್ರಿ?" ಎಂದ ವಸೀಮ.

ವಿದ್ಯಾ ಮೆಲ್ಲಗೆ ಬೆರಳು ತೂರಿಸಿದಳು. ದೊಡ್ಡದು ಬಿಸಿಯಾಗಿತ್ತು. ಸಣ್ಣದು ನೀರಿನಷ್ಟೇ ತಣ್ಣಗಿತ್ತು.

"ಅಜ್ಜಾ, ನನಗ ಸಣ್ಣದು ಬೇಕು. ನೀಲಿ ಬಣ್ಣ ಭಾಳ ಚಂದ ಐತಿ."

ವಸೀಮ ಜೋರಾಗಿ ನಕ್ಕ. "ಬಣ್ಣ ನೋಡಿ ಪಂಪ್ ತಗೊಳ್ಳಾಕಿ ನೀನ ಮೊದಲ್ನೇದಾಕಿ ಬಿಡವಾ!"

ನಗಲಿ ಬಿಡು ಅಂದುಕೊಂಡಳು ವಿದ್ಯಾ. ಅಜ್ಜ ಮಾತ್ರ ನಗಲಿಲ್ಲ. ಬಸ್ಸಿನಲ್ಲಿ ನೀಲಿ ಪಂಪನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಮನೆಯಲ್ಲಿ ಅಜ್ಜ ಹೊಸ ಪಂಪು ಜೋಡಿಸಿದ. ತೊಟ್ಟಿಯಲ್ಲಿ ಒಂದೇ ಮೀನು ಸುತ್ತುತ್ತಿತ್ತು. ಆಯಿ ಅದನ್ನೇ ನೋಡುತ್ತಾ ಕಣ್ಣು ಮುಚ್ಚಿದಳು.

ಅರ್ಧ ತಾಸಿನ ಮೇಲೆ ಅಜ್ಜ ಸ್ವಿಚ್ ಆರಿಸಿದ. ತಾನು ಕೈ ಇಡಲಿಲ್ಲ. ವಿದ್ಯಾಳ ಕೈ ಹಿಡಿದು ನೀರೊಳಗಿನ ಪಂಪಿನ ಮೇಲೆ ಇಟ್ಟ.

"ನೀ ಹೇಳು."

"ತಣ್ಣಗೈತಿ ಅಜ್ಜಾ."

ಅಜ್ಜ ತಲೆಯಾಡಿಸಿ ಮತ್ತೆ ಸ್ವಿಚ್ ಹಾಕಿದ. ಇಬ್ಬರೂ ತೊಟ್ಟಿಯ ಮುಂದೆ ಕೂತರು. ವಿದ್ಯಾ ಅಜ್ಜನ ಕೈಯೊಳಗೆ ತನ್ನ ಕೈ ಇಟ್ಟಳು. ತನ್ನ ಕೈ ಬೆಚ್ಚಗಿರುವುದು ಅಜ್ಜನಿಗೆ ಗೊತ್ತಾಗುತ್ತದೋ ಇಲ್ಲವೋ. ಅದಕ್ಕೇ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.