ಕೊಕ್ಕನೂರು ದಾರಿಯ ತಿರುವು

ಮಾವ ಒಬ್ಬರು ಅಡ್ಡ ನಿಲ್ಲದಿದ್ದರೆ ಕೃತಿಕಾ ದಸರೆಗೇ ಮನೆಗೆ ಬಂದಿರುತ್ತಿದ್ದಳು. ವೀರೇಶ ಇದನ್ನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ, ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳುವಷ್ಟೇ ರೂಢಿಯಾಗಿಬಿಟ್ಟಿತ್ತು. ಪಂಚಮಿ ಹಬ್ಬಕ್ಕೆಂದು ತವರಿಗೆ ಹೋದ ಹೆಂಡತಿ ಉಂಡೆ ಮುಗಿದರೂ ತಿರುಗಿ ಬರಲಿಲ್ಲ. ಅವನು ಅವಳ ಮೇಲೆ ಕೈ ಎತ್ತಿದ್ದು ನಿಜ. ಒಂದೇ ಸಲ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಎರಡನೆಯದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅವತ್ತು ಅವಳೂ ಜೋರಾಗಿ ಮಾತಾಡಿದ್ದಳಲ್ಲ! ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಲೋಕವೇ ಹೇಳುತ್ತದೆ. ಆ ಲೋಕಕ್ಕೆ ಮಾವ ಬಕ್ಕೇಶಪ್ಪ ಮಾತ್ರ ಸೇರಿರಲಿಲ್ಲ.

ಬಕ್ಕೇಶಪ್ಪ ಬೈದಿದ್ದರೆ ವೀರೇಶ ತಡೆದುಕೊಳ್ಳುತ್ತಿದ್ದ. ಅವರು ಬೈಯಲಿಲ್ಲ. ಬೀಜದ ವ್ಯಾಪಾರಿ, ಊರೂರು ತಿರುಗುವವರು. ತಿಂಗಳಿಗೊಮ್ಮೆಯಾದರೂ ನಿಟ್ಟುವಳ್ಳಿಯಲ್ಲಿದ್ದ ಅಳಿಯನ ಅಂಗಡಿಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ಚಹಾ ಕುಡಿದು, ಏಳುವಾಗ ಅದೇ ಮಾತು ಹೇಳುತ್ತಿದ್ದರು.

"ಅವಳು ಹ್ಞೂಂ ಅನ್ಲಿ, ನಾನೇ ಕಾರ್ನಾಗೆ ಕರ್ಕಂಡ್ ಬಂದು ಬಿಡ್ತೀನಿ. ಅನ್ನಲಿಲ್ಲ ಅಂದ್ರೆ ದಬ್ಬಾಕೆ ಆಗಲ್ಲಪ್ಪ. ಮಗಳೇನು ಬೀಜದ ಚೀಲನಾ, ಎತ್ತಿ ಹಾಕಾಕೆ?"

ಅಂಗಡಿಯಲ್ಲಿದ್ದವರು ನಗುತ್ತಿದ್ದರು. ವೀರೇಶನೂ ನಗುತ್ತಿದ್ದ.

ಅಂಗಡಿಯಲ್ಲಿ ಅವನು ಕಾರಿಗೆ ಸೀಟ್ ಕವರ್, ಸ್ಪೀಕರ್ ಹಾಕುತ್ತಿದ್ದ. ಆದರೆ ಹೆಸರು ಬಂದಿದ್ದು ಜಿಪಿಎಸ್ ಯಂತ್ರಗಳಿಂದ. ಫೋನಿನಲ್ಲೇ ನಕ್ಷೆ ಇರುವಾಗ ಗಾಜಿಗಂಟಿಸುವ ಈ ಡಬ್ಬಿ ಯಾರಿಗೆ ಬೇಕು ಎಂದು ಆಡಿಕೊಳ್ಳುವವರಿದ್ದರು. ಬೇಕಾದವರೂ ಇದ್ದರು. ಮಾಯಕೊಂಡದಲ್ಲಿ ಬೀಜದಂಗಡಿ ಯಾವ ಓಣಿಯಲ್ಲಿದೆ, ಯಾವ ಹಳ್ಳಿಯ ರಸ್ತೆ ಉಬ್ಬಿಗೆ ಬಣ್ಣ ಹೊಡೆದಿಲ್ಲ, ಭತ್ತ ಕೊಯ್ಯುವ ಯಂತ್ರ ಯಾವ ಸೇತುವೆಯ ಮೇಲೆ ಹಾಯುವುದಿಲ್ಲ, ಇವೆಲ್ಲ ಫೋನಿಗೆ ಗೊತ್ತಿಲ್ಲ. ವೀರೇಶನಿಗೆ ಗೊತ್ತಿತ್ತು. ಆಯಾ ಗಿರಾಕಿಗೆ ಬೇಕಾದ ಜಾಗಗಳನ್ನೆಲ್ಲ ಹಿಡಿದು, ಒಂದೊಂದು ಸಾಲಿಗೆ ಒಂದೊಂದು ಜಾಗ, ಅದರ ರೇಖಾಂಶ, ಅಕ್ಷಾಂಶ, ಹೆಸರು ತುಂಬಿ ಫೈಲು ಮಾಡಿ ಯಂತ್ರಕ್ಕೆ ಹಾಕಿಕೊಡುತ್ತಿದ್ದ. ಗಾಡಿ ಆ ಜಾಗದ ಹತ್ತಿರ ಬರುತ್ತಲೇ ಯಂತ್ರ ಕೂಗಿ ಹೇಳುತ್ತಿತ್ತು.

ಯಾರ ಫೈಲಾದರೂ ಬೋಣಿ ಹರಿಹರೇಶ್ವರನದೇ. ವೀರೇಶನ ಅಪ್ಪ ಮೇಲೆ ಶ್ರೀ ಎಂದು ಬರೆಯದೆ ಸಂತೆಯ ಚೀಟಿಯನ್ನೂ ಬರೆದವರಲ್ಲ. ಮಗ ಹರಿಹರದ ಗುಡಿಯನ್ನು ಮೊದಲ ಸಾಲಿಗೆ ಹಾಕದೆ ಕೀಲಿಮಣೆ ಮುಟ್ಟುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಆಟೋಗಳ ಸದ್ದು ಬಾರದಂತೆ ಶಟರ್ ಎಳೆದು, ಆ ಸಾಲಿಗೆ ಕೃತಿಕಾಳ ದನಿಯನ್ನೇ ಕೂಡಿಸಿದ್ದ. 'ಹರಿಹರೇಶ್ವರ ಬಂದ, ಕೈ ಮುಗಿದು ಮುಂದೆ ಹೋಗ್ರಿ.' ಅವಳು ನಗು ತಡೆಯಲಾಗದೆ ಮೂರು ಸಲ ಕೆಡಿಸಿದ್ದಳು. ಈಗಲೂ ಚಾಲಕರು ಅಂಗಡಿಗೆ ಬಂದರೆ, "ಅಕ್ಕಾರು ಹರಿಹರದಾಗೆ ಕೂಗಿದ್ರು ನೋಡ್ರಿ," ಎಂದು ತಮಾಷೆ ಮಾಡುತ್ತಿದ್ದರು. ಅವಳು ಮನೆಯಲ್ಲಿಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ.

ಉಪಾಯ ಹೊಳೆದಿದ್ದು ಮಾವನ ಮಾತಿನಿಂದಲೇ. ಕಣ್ಣಿಗೆ ಪೊರೆ ಬಂದಿದೆ, ಬೀಜದ ಸೀಸನ್ ಮುಗಿದ ಮೇಲೆ ಆಪರೇಷನ್ ಎಂದು ಬಕ್ಕೇಶಪ್ಪ ಮುಂದೂಡುತ್ತಿದ್ದರು. "ಕಣ್ಣು ಮಂಜಾದ್ರೇನು, ಕಿವಿ ಐತಲ್ಲ. ನಿನ್ನ ಯಂತ್ರ ಹೇಳಿದಂಗೆ ಹೋಗ್ತೀನಿ," ಎಂದು ಹೆಮ್ಮೆಯಿಂದ ಹೇಳಿದ್ದರು. ಸೋಮವಾರ ರೈತರು ಎತ್ತು ಕಟ್ಟುವುದಿಲ್ಲ, ಮನೆಯಲ್ಲೇ ಸಿಗುತ್ತಾರೆ. ಅದಕ್ಕೇ ಸೋಮವಾರ ಬೆಳಗ್ಗೆ ತಪ್ಪದೆ ಕೊಕ್ಕನೂರಿಗೆ ಹೊರಡುತ್ತಿದ್ದರು. ಆ ದಾರಿ ಕಾಲುವೆಯ ಪಕ್ಕದಲ್ಲೇ ನೆಟ್ಟಗೆ ಹೋಗಿ, ತೂಬಿನ ಹತ್ತಿರ ಒಮ್ಮೆಗೇ ಎಡಕ್ಕೆ ಮುರಿಯುತ್ತದೆ. ಅಲ್ಲಿನ ತಡೆಗೋಡೆಯನ್ನು ಯಾವುದೋ ಟ್ರ್ಯಾಕ್ಟರ್ ಕೆಡವಿತ್ತು, ಯಾರೂ ಕಟ್ಟಿಸಿರಲಿಲ್ಲ. ಪುಷ್ಯದ ಮಂಜಿನಲ್ಲಿ ಒಳ್ಳೆಯ ಕಣ್ಣಿದ್ದವರೇ ಅಲ್ಲಿ ತಡವರಿಸುತ್ತಾರೆ.

'ಮುಂದೆ ತಿರುವು, ನಿಧಾನ' ಎಂಬ ಸಾಲನ್ನು ಮಾವನ ಫೈಲಿಗೆ ವೀರೇಶನೇ ಹಾಕಿದ್ದ. ಈಗ ಆ ಗುರುತನ್ನು ಸ್ವಲ್ಪ ಆಚೆ ತಳ್ಳಿದರೆ ಆಯಿತು. ಅಂಕಿಯ ಬಾಲದಲ್ಲಿ ಒಂದೆರಡು ಬದಲಾವಣೆ. ಎಚ್ಚರಿಕೆ ಬರುವುದು ಬರುತ್ತದೆ, ಗಾಡಿ ಅಂಚಿಗೆ ಬಂದ ಮೇಲೆ. ಕೆಳಗೆ ಕಾಲುವೆ. ನೀರು ಯಂತ್ರವನ್ನೂ ನುಂಗಿಬಿಡುತ್ತದೆ. ಒಂದು ವೇಳೆ ಉಳಿದರೂ, ಬಿಚ್ಚಿ ನೋಡಲು ಪೊಲೀಸರು ಕರೆಸುವುದು ಯಾರನ್ನು? ಈ ಸುತ್ತಿನಲ್ಲಿ ಅದನ್ನು ಬಲ್ಲವನು ಅವನೊಬ್ಬನೇ. ಉಪಗ್ರಹದ ಲೆಕ್ಕ ಹತ್ತಿಪ್ಪತ್ತು ಮಾರು ಆಚೀಚೆ ಆಗುತ್ತದೆ ಸಾರ್ ಎಂದರೆ ಇಲ್ಲ ಎನ್ನುವವರಾರು? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇಲ್ಲಿ ಕೋಲೇ ಇರಲಿಲ್ಲ.

ಜಾಗ ನೋಡಲು ಒಂದು ಮಧ್ಯಾಹ್ನ ಬೈಕಿನಲ್ಲಿ ಹೋಗಿ ಬಂದ. ಎಮ್ಮೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಅವನು ಅಂಚಿನಲ್ಲಿ ನಿಂತಿದ್ದನ್ನು ಕಂಡು, "ಹಿಂದಕ್ಕೆ ಬಾರೋ ಯಪ್ಪಾ, ಮಣ್ಣು ಸಡ್ಲೈತೆ," ಎಂದು ಗಾಬರಿಯಿಂದ ಕೂಗಿದಳು. ಅವನಿಗೆ ಕೋಪ ಬಂತು. ಅದು ನಾಚಿಕೆಯೆಂದು ತಿಳಿದದ್ದು ಊರು ಮುಟ್ಟಿದ ಮೇಲೆ. ತಿಳಿದರೂ ಕೈಬಿಡಲಿಲ್ಲ.

ಭಾನುವಾರ ಮಾವನಿಗೆ ಫೋನು ಮಾಡಿದ. ಯಂತ್ರವನ್ನು ಗಾಜಿಗೆ ಕಚ್ಚಿಸುವ ಹಿಡಿ ಸಡಿಲವಾಗಿದೆಯಲ್ಲ, ಒಳ್ಳೆಯದು ಬಂದಿದೆ, ಬನ್ನಿ ಎಂದ. ಬಕ್ಕೇಶಪ್ಪ ಬಂದರು.

"ಬರ್ರಿ ಮಾವಾರೆ, ಕೂಡ್ರಿ. ಕಾಫಿ ತರಿಸ್ತೀನಿ."

"ಕಾಫಿ ಗೀಫಿ ಬ್ಯಾಡ," ಎನ್ನುತ್ತಲೇ ಕೂತರು.

ಕಾಫಿ ಬಂತು. ವೀರೇಶ ಯಂತ್ರ ಹಿಡಿದು ಒಳಕೋಣೆಗೆ ಹೋದ. ಮಾವನ ಫೈಲು ಕಂಪ್ಯೂಟರಿನಲ್ಲಿ ಇದ್ದೇ ಇತ್ತು. ನಕಲು ಮಾಡಿದ, ತಿರುವಿನ ಸಾಲು ಹುಡುಕಿದ, ಅಂಕಿ ತಿದ್ದಿದ. ಉಳಿಸುವ ಮೊದಲು ಎಲ್ಲ ಸರಿಯಿದೆಯೇ ಎಂದು ಮೇಲಕ್ಕೆ ಹೋದಾಗ ಕಣ್ಣಿಗೆ ಬಿದ್ದದ್ದು ಮೊದಲ ಸಾಲು. ಹರಿಹರೇಶ್ವರ. ಪಕ್ಕದಲ್ಲಿ ಕೃತಿಕಾಳ ದನಿಯ ಗುರುತು. ಕೀಲಿಮಣೆಯಿಂದ ಕೈ ತೆಗೆದ. ಹೊರಗೆ ಮಾವ ಕಾಫಿಯನ್ನು ಸೊರ್ ಎಂದು ಹೀರುವ ಸದ್ದು. ಕೊಲ್ಲುವ ಫೈಲಿನ ತಲೆಯ ಮೇಲೆ ದೇವರನ್ನು ಕೂರಿಸಿ, ಅಪ್ಪನ ಸಾವಿಗೆ ಮಗಳ ದನಿಯನ್ನು ಸೇರಿಸುವುದೆ? ಅಷ್ಟು ಕೆಟ್ಟವನಲ್ಲ ತಾನು ಎಂದು ಅವನಿಗೆ ಅನ್ನಿಸಿತು. "ಇದರಾಗೆ ನೀವಿಬ್ರೂ ಬ್ಯಾಡ," ಎಂದು ಪಿಸುಗುಟ್ಟಿ ಆ ಸಾಲನ್ನು ಅಳಿಸಿದ. ಎದೆ ಸ್ವಲ್ಪ ಹಗುರಾಯಿತು. ಹಳೆಯ ಫೈಲು ತೆಗೆದು ಇದನ್ನು ಯಂತ್ರಕ್ಕೆ ಹಾಕಿದ. ಆಮೇಲೆ ಹೊರಗೆ ಬಂದು ಕಾರಿನ ಗಾಜು ಒರೆಸಿ, ಹೊಸ ಹಿಡಿಯನ್ನು ಒತ್ತಿ ಕೂರಿಸಿದ. ಬಕ್ಕೇಶಪ್ಪ ಜೇಬಿಗೆ ಕೈ ಹಾಕಿದರೆ, "ಇರ್ಲಿ ಬಿಡ್ರಿ ಮಾವಾರೆ, ನಿಮ್ಮ ಹತ್ರ ಏನು ತಗಳ್ಳಾದು," ಎಂದ.

ಸೋಮವಾರ ದಟ್ಟ ಮಂಜು. ಅಂಗಡಿ ತೆರೆದು ಊದುಬತ್ತಿ ಹಚ್ಚಿದ. ಫೋನು ಕೈಯಲ್ಲೇ ಇತ್ತು. ಇವತ್ತು ಹೋಗಬ್ಯಾಡ್ರಿ ಎಂದರೆ ಸಾಕಾಗಿತ್ತು. ಮಾವ ಯಾಕೆ ಎಂದೂ ಕೇಳುತ್ತಿರಲಿಲ್ಲ. ಆದರೆ ಅಂಥ ಕರೆ ಮುಂದೆ ಸಾಕ್ಷಿಯಾದೀತು ಎಂದು ಬುದ್ಧಿ ಹೇಳಿತು. ಬುದ್ಧಿಯ ಮಾತು ಕೇಳಿ ಫೋನನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟ. ಊದುಬತ್ತಿ ಉರಿದು ಬೂದಿ ಬೀಳುವ ತನಕ ಅದನ್ನೇ ನೋಡುತ್ತ ನಿಂತಿದ್ದ.

ಒಂದು ಲೆಕ್ಕ ಮಾತ್ರ ತಪ್ಪಿತು. ಅವನು ಜಾಗ ನೋಡಿದಾಗ ಒಣಗಿದ್ದ ಕಾಲುವೆಗೆ ಆ ಸೋಮವಾರದೊಳಗೆ ಬಿಡಬೇಕಿದ್ದ ನೀರು ಮುಂದಕ್ಕೆ ಹೋಗಿತ್ತು. ಕಾರು ಬಿದ್ದದ್ದು ಕಾಂಕ್ರೀಟಿನ ಮೇಲೆ. ಊರಿನವರು ಓಡಿ ಬರುವಷ್ಟರಲ್ಲಿ ಬಕ್ಕೇಶಪ್ಪನವರ ಉಸಿರು ನಿಂತಿತ್ತು. ಯಂತ್ರ ಮಾತ್ರ ಗಾಜಿಗೆ ಗಟ್ಟಿಯಾಗಿ ಕಚ್ಚಿಕೊಂಡೇ ಇತ್ತಂತೆ. ಹಿಡಿ ಹೊಸದಲ್ಲವೆ? ವೀರೇಶ ಅದಕ್ಕೂ ತಯಾರಿದ್ದ.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ಶಾಂತಕುಮಾರಿ ಅವನ ಕೈ ಹಿಡಿದುಕೊಂಡರು. "ಅವತ್ತು ನಿಮ್ಮ ಅಂಗಡಿಯಿಂದ ಬಂದೋರು ಕೃತಿಕಾಗೆ ಏನಂದ್ರು ಗೊತ್ತೇನ್ರಿ? ಇನ್ನೊಂದ್ ಸಲ ಹೋಗಿ ನೋಡವ್ವ, ಹುಡುಗ ಬದಲಾಗ್ಯಾನೆ, ಅವನೇ ಕರೆದು ಹಿಡಿ ಹಾಕಿಕೊಟ್ಟ ಅಂದ್ರು. ನಿಮ್ಮ ಪರವಾಗಿ ಆಡಿದ್ದೇ ಕಡೇ ಮಾತಾತು."

ವೀರೇಶ ಅತ್ತ. ನಾಟಕವಲ್ಲ, ನಿಜವಾಗಿ, ಗೋಡೆಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಒಂದು ದಿನ, ಒಂದೇ ಒಂದು ದಿನ ತಡೆದಿದ್ದರೆ! ಅಳಿಯ ಅಂದರೆ ಹಿಂಗಿರಬೇಕು ಎಂದು ಬಂದವರು ಮಾತಾಡಿಕೊಂಡರು. ಅದು ಕಿವಿಗೆ ಬಿದ್ದು ಇನ್ನೂ ಜೋರಾಗಿ ಅತ್ತ.

ಹರಿಹರದ ಸಬ್ ಇನ್‌ಸ್ಪೆಕ್ಟರ್ ಮಾರುತಿ ಅವನನ್ನು ಕರೆಸಿದ್ದು ಆ ವಾರದ ಕೊನೆಗೆ. ಅಂದುಕೊಂಡಂತೆಯೇ ಎಲ್ಲ ನಡೆಯಿತು. ಯಂತ್ರ ಮೇಜಿನ ಮೇಲಿತ್ತು. "ಇದರ ಬಗ್ಗೆ ನೀವೇ ಹೇಳ್ಬೇಕಂತೆ," ಎಂದು ಅವರು ಕುರ್ಚಿ ತೋರಿಸಿದರು. ವೀರೇಶ ಉಪಗ್ರಹದ ವಿಷಯ ವಿವರಿಸಿದ. ಭಾನುವಾರ ತಾನು ಬದಲಿಸಿದ್ದು ಹಿಡಿಯೊಂದನ್ನೇ, ಒಳಗಿನ ಫೈಲು ದೀಪಾವಳಿಯಲ್ಲಿ ಹಾಕಿದ್ದು, ಅಲ್ಲಿಂದೀಚೆಗೆ ಕೈ ಹಚ್ಚಿಲ್ಲ ಎಂದ. ಅವರು ಬರೆದುಕೊಂಡರು. ಅವನು ಸಹಿ ಹಾಕಿದ.

"ಜಾಗ ಒಂದ್ಸಲ ನೋಡ್ಕಂಡು ಬಂದ್ರೆ ಮುಗೀತು. ಇದು ಎಲ್ಲಿ ಕೂಗುತ್ತೆ ನೋಡಾನ," ಎಂದರು ಮಾರುತಿ.

ಅಪ್ಪ ತೀರಿಕೊಂಡ ಜಾಗಕ್ಕೆ ಹೂವಿಡಬೇಕೆಂದು ಕೃತಿಕಾ ಠಾಣೆಗೆ ಬಂದಿದ್ದಳು. ಅವಳನ್ನೂ ಜೀಪಿಗೆ ಹತ್ತಿಸಿಕೊಂಡರು. ಯಂತ್ರವನ್ನು ಮುಂದಿನ ಗಾಜಿಗೆ ವೀರೇಶನೇ ಅಂಟಿಸಿ ಅವಳ ಪಕ್ಕದಲ್ಲಿ ಬಂದು ಕೂತ. ಅವಳ ಕಣ್ಣುಗಳು ಬಾತಿದ್ದವು. ಹೂವಿನ ಪೊಟ್ಟಣವನ್ನೇ ನೋಡುತ್ತ ಮೆಲ್ಲಗೆ, "ಅಪ್ಪ ಹೇಳಿದ್ದು ಅವ್ವ ನಿಮಗೆ ಹೇಳಿದ್ಲಂತೆ. ಕಾರ್ಯ ಎಲ್ಲಾ ಮುಗೀಲಿ, ಆಮೇಲೆ ಮಾತಾಡಾನ," ಎಂದಳು. ತಿಂಗಳುಗಳ ನಂತರ ಅವಳು ಆಡಿದ ಮೊದಲ ಮಾತು. ಪಡೆಯಬಾರದ್ದನ್ನು ಪಡೆದವನಂತೆ ವೀರೇಶ ತಲೆ ತಗ್ಗಿಸಿದ. ಪಾಪ ಅಂಟಿತ್ತು, ಇನ್ನು ಬಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ಇವಳು ಜೊತೆಗಿದ್ದರೆ ಹೊತ್ತುಕೊಂಡು ಬದುಕಬಹುದು ಎಂದುಕೊಂಡ.

ಜೀಪು ಗುಡಿಯ ಬೀದಿಗೆ ಬಂತು. ಚಾಲಕ ಗುತ್ತೆಪ್ಪ ಸ್ಟೀರಿಂಗಿನಿಂದ ಒಂದು ಕೈ ತೆಗೆದು ಎದೆ ಮುಟ್ಟಿಕೊಂಡ. ಗೋಪುರ ಎದುರಾಯಿತು, ಪಕ್ಕಕ್ಕೆ ಬಂತು, ಹಿಂದಕ್ಕೆ ಸರಿಯಿತು. ಯಂತ್ರ ತುಟಿ ಪಿಟಕ್ ಎನ್ನಲಿಲ್ಲ. ಕೃತಿಕಾ ಮುಂದಕ್ಕೆ ಬಾಗಿ ಅದನ್ನೇ ದಿಟ್ಟಿಸಿದಳು. "ಸಾಹೇಬ್ರೆ, ಗಾಡಿ ನಿಲ್ಸ್ರಿ," ಎಂದಳು. "ಅಪ್ಪ ಸಾಯೋಕೆ ಎರಡು ದಿನ ಮುಂಚೆ, ಶನಿವಾರ, ಇಲ್ಲಿಂದಾನೇ ನನಗೆ ಫೋನ್ ಮಾಡಿದ್ರು. ಈಗಷ್ಟೇ ಗುಡಿ ಹತ್ರ ಕೂಗಿದೆ ನೋಡವ್ವ, ನಿನ್ನ ದನಿ ಕೇಳಿ ಹೊಟ್ಟೆ ತುಂಬ್ತು ಅಂದ್ರು. ಇದರಾಗೆ ನನ್ನ ದನಿ ಇತ್ತು. ಯಾರು ತೆಗೆದ್ರು?" ಮಾರುತಿ ಯಂತ್ರದ ಕಡೆ ನೋಡಲಿಲ್ಲ, ತಿರುಗಿ ಹಿಂದಿನ ಸೀಟಿನ ಕಡೆ ನೋಡಿದರು. ಅದನ್ನು ತೆಗೆಯಲು ಬರುವವನು ಆ ಜೀಪಿನಲ್ಲಿ ಒಬ್ಬನೇ ಇದ್ದ, ದೀಪಾವಳಿಯಿಂದ ಕೈ ಹಚ್ಚಿಲ್ಲವೆಂದು ಅವನು ಆಗತಾನೇ ಸಹಿ ಹಾಕಿ ಬಂದಿದ್ದ.