ಕನ್ನಡಕದೊಳಗಿನ ಮೈಕು

ನನ್ನ ಎಡಗಣ್ಣಿನ ಎದುರಿಗೇ ಸ್ಕ್ರೂಡ್ರೈವರ್!

ಪುಟ್ಟದು. ಕನ್ನಡಕದ ತಿರುಪು ಬಿಗಿಯುವಂಥದ್ದು. ಆದರೆ ಕಣ್ಣು ಕೀಳಲು ದೊಡ್ಡದೇನೂ ಬೇಕಿಲ್ಲ, ಕೇಳಿ.

"ಹತ್ರ ಬಂದ್ರೆ ಚುಚ್ತೀನಿ!" ಎಂದ ಕನ್ನಡಕದಂಗಡಿಯವನು.

"ಬಾಗಿಲು ಒದ್ದು ಬಂದ ಅತಿಥಿಗೆ ಇದಾ ಮರ್ಯಾದೆ?"

ಮಣಿಕಟ್ಟು ತಿರುಚಿದೆ. ಸ್ಕ್ರೂಡ್ರೈವರ್ ಟಣ್ಣನೆ ಬಿತ್ತು. ಅವನು ಮಹಡಿ ಕೋಣೆಯ ಕಿಟಕಿಯಿಂದ ಪಕ್ಕದ ತಾರಸಿಗೆ ಹಾರಿದ. ನಾನೂ ಹಾರಿದೆ. ಒಣಹಾಕಿದ ಬೆಡ್‌ಶೀಟುಗಳು... ಆಂಟೆನಾ ತಂತಿ... ನೀರಿನ ಟ್ಯಾಂಕು!

ಟ್ಯಾಂಕಿನ ಹಿಂದೆ ಕಾಲರ್ ಸಿಕ್ಕಿತು. ಮತ್ತೆ ಕೋಣೆಗೆ ಎಳೆದು ತಂದೆ.

"ರೆಕಾರ್ಡಿಂಗ್ ಎಲ್ಲಿ?"

"ಯಾವುದು? ನನ್ನ ಹತ್ರ ಸಾವಿರಾರು ಇವೆ."

ನಿಜವೇ. ಗೋಡೆ ತುಂಬ ಕ್ಯಾಸೆಟ್, ಸಿ.ಡಿ. ಜಾಝ್ ಫ್ಯೂಷನ್ ಕಚೇರಿ ಎಲ್ಲಿದ್ದರೂ ಈ ಆಸಾಮಿ ಹಾಜರು. ಕನ್ನಡಕದ ಕಡ್ಡಿಗಳಲ್ಲಿ ಪುಟಾಣಿ ಮೈಕು. ತಲೆ ಅಲ್ಲಾಡಿಸದೆ ಕೂತು ಇಡೀ ಕಚೇರಿ ಹಿಡಿದು ತರುತ್ತಾನೆ. ಆಮೇಲೆ ತನ್ನಂಥ ಹುಚ್ಚರಿಗೆ ಹಂಚುತ್ತಾನೆ. ಮಾರುವುದಿಲ್ಲ. ನೀನೊಂದು ಕೊಡು, ನಾನೊಂದು ಕೊಡುತ್ತೇನೆ. ಅಷ್ಟೇ.

ನನ್ನನ್ನು ಕಳಿಸಿದ್ದು ಒಂದು ಬ್ಯಾಂಡಿನ ಮ್ಯಾನೇಜರ್. ಬ್ಯಾಂಡಿನ ಲೀಡರ್ ಆಲ್ಬಂ ತರುತ್ತಿದ್ದ. ಅದರ ಮುಖ್ಯ ಟ್ಯೂನು ಕಟ್ಟಿದ್ದು ತನ್ನ ಭಾವಮೈದುನ ಎಂದು ಹಾಕಿಕೊಂಡಿದ್ದ. ಶುದ್ಧ ಸುಳ್ಳು! ಕಟ್ಟಿದವಳು ಲೀಡರೇ ಬ್ಯಾಂಡಿನಿಂದ ಹೊರಗೆ ಹಾಕಿದ ಬಾಸ್ ಗಿಟಾರಿನ ಹುಡುಗಿ. ಅವಳು ಕೋರ್ಟಿಗೆ ಹೋಗಿದ್ದಳು. ಹಿಂದೊಂದು ಕಚೇರಿಯಲ್ಲಿ ಲೀಡರೇ "ಈ ಟ್ಯೂನ್ ಇವಳದ್ದು" ಎಂದು ಎಲ್ಲರೆದುರು ಹೇಳಿದ್ದ. ಆ ಮಾತು ಉಳಿದಿದ್ದದ್ದು ಈ ಕನ್ನಡಕದವನ ಬಳಿ ಮಾತ್ರ. ಅದನ್ನು ಇಲ್ಲವಾಗಿಸುವುದೇ ನನ್ನ ಕೆಲಸ.

"ಎಷ್ಟು ಜನಕ್ಕೆ ಹಂಚಿದ್ದೀಯ?"

"ಯಾರಿಗೂ ಇಲ್ಲ. ಆಲ್ಬಂ ಬರೋವರೆಗೆ ಹಂಚಬೇಡಿ ಅಂತ ಲೀಡರ್ ಕೇಳಿದ್ರು. ನುಡಿಸೋರು ಬೇಡ ಅಂದ್ರೆ ನಾವು ಹಂಚಲ್ಲ. ನುಡಿಸೋರೇ ಬಂದು ಕೇಳಿದ್ರೆ ಇಲ್ಲ ಅನ್ನಲ್ಲ. ಆ ಹುಡುಗಿ ಕೇಳಿದ್ದಾಳೆ. ಈಗ ಬರ್ತಾಳೆ."

ಎಂಥ ಮರ್ಯಾದಸ್ಥ ಪೆದ್ದ!

"ಹಾಕು. ಅದೇನಾ ಅಂತ ನೋಡ್ಬೇಕು."

ಅವನು ಮೆಮೊರಿ ಕಾರ್ಡೊಂದನ್ನು ಪ್ಲೇಯರಿಗೆ ಸಿಕ್ಕಿಸಿದ. ಹೆಡ್‌ಫೋನ್ ಕಿವಿಗೇರಿತು. ಡ್ರಮ್ಸು, ಕೀಬೋರ್ಡು, ಬಾಸು... ನಾಲ್ಕು ಜನ ಒಂದೇ ಮೆಟ್ಟಿಲಲ್ಲಿ ಎಡವಿ, ಒಬ್ಬರೂ ಬೀಳದೆ ಇಳಿದು ಬಂದ ಹಾಗಿತ್ತು. ಆಮೇಲೆ ಲೀಡರನ ಮಾತು. ಚಪ್ಪಾಳೆ.

ಅದರ ಹಿಂದೆಯೇ, ನನ್ನ ಬಲಗಿವಿಯ ಪಕ್ಕದಲ್ಲೇ ಎಂಬಂತೆ, ಇಬ್ಬರು ಹುಡುಗಿಯರು.

"ಏ, ನಿಮ್ಮಪ್ಪ ಏನ್ ಕೆಲಸ ಮಾಡೋದು?"

"ಬೀಗ ರಿಪೇರಿ ಅಂತಾರೆ."

"ಅಂತಾರೆ ಅಂದ್ರೆ?"

"ಜನರ ಬಾಗಿಲು ಒಡೀತಾರೆ ಕಣೇ. ಹೊಡೀತಾರೆ. ಅಮ್ಮನೂ ನಾನೂ ನಂಬಿದ ಹಾಗೆ ಇರ್ತೀವಿ. ಪಾಪ... ನಮಗೆ ಗೊತ್ತು ಅಂತ ಗೊತ್ತಾದ್ರೆ ಅಪ್ಪ ಮನೇಲಿ ತಲೆ ಎತ್ತಲ್ಲ."

ನನ್ನ ಮಗಳು!

ಆ ಸಂಜೆ ಗೆಳತಿಯ ಮನೆಯಲ್ಲಿ ಓದಿಕೊಳ್ಳುತ್ತೇನೆ ಎಂದು ಹೋಗಿದ್ದಳು.

ಹೆಡ್‌ಫೋನ್ ಕಿತ್ತೆ. ಕನ್ನಡಕದವನು ಊದಿದ ಮಣಿಕಟ್ಟು ನೀವಿಕೊಳ್ಳುತ್ತಿದ್ದ.

"ಪಕ್ಕದ ಹುಡುಗೀರ ಗಲಾಟೆ... ಕ್ಷಮಿಸಿ," ಎಂದ.

ಅವನು! ನನ್ನ ಹತ್ತಿರ ಕ್ಷಮೆ!

"ಅಷ್ಟನ್ನ ಕತ್ತರಿಸಬಹುದಾ?"

"ಒಂದು ಕೆಮ್ಮು ಕತ್ತರಿಸಿದ್ರೂ ಕೋರ್ಟಲ್ಲಿ ತಿದ್ದಿದ್ದಾರೆ ಅಂತಾರೆ, ಸಾರ್. ಯಾಕೆ?"

"ಸುಮ್ನೆ."

ಫೋನ್ ಬಡಿದುಕೊಂಡಿತು. ಮ್ಯಾನೇಜರ್.

"ಸಿಕ್ತಾ?"

"ಸಿಕ್ತು."

"ಪುಡಿ ಮಾಡು. ಕೆಳಗೇ ಇದ್ದೀನಿ, ಹುಡುಗಿ ಈಗ ಮೇಲೆ ಹತ್ತಿದ್ಲು. ನಮ್ಮ ಹುಡುಗ್ರೂ ಬರ್ತಿದ್ದಾರೆ."

ಮುರಿದ ಬಾಗಿಲು ದಾಟಿ ಹುಡುಗಿ ಒಳಗೆ ಬಂದಳು. ಬೆನ್ನಿಗೆ ಗಿಟಾರು. ನನ್ನ ಬೆರಳ ನಡುವೆ ಪ್ಲೇಯರಿನಿಂದ ಕಿತ್ತ ಮೆಮೊರಿ ಕಾರ್ಡು. ನೋಡಿದಳು. ಅರ್ಥವಾಯಿತು.

"ಅಂಕಲ್... ಅದೊಂದೇ ಇರೋದು ನನಗೆ..."

ನನ್ನ ಮಗಳದೇ ವಯಸ್ಸು. ಅವಳ ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ.

ಕಾರ್ಡನ್ನು ಅವಳ ಅಂಗೈಗೆ ತುರುಕಿದೆ. "ಒಂದಕ್ಷರ ಕತ್ತರಿಸಬೇಡ. ಇಬ್ರೂ ತಾರಸಿ ಮೇಲಿಂದ ಹೋಗಿ. ಓಡಿ!"

ಮೆಟ್ಟಿಲಲ್ಲಿ ನಾನು ಅಡ್ಡ ನಿಂತೆ. ಬಂದವರು ಮೂವರು. ಇಬ್ಬರು ಉರುಳಿದರು. ಮೂರನೆಯವನು ನನ್ನ ಮುಂದಿನ ಹಲ್ಲು ಉದುರಿಸಿದ.

ಮನೆಯಲ್ಲಿ, "ಶಟರ್ ಜಾರಿ ಬಡೀತು," ಎಂದೆ.

"ಜೋಪಾನವಾಗಿ ಕೆಲಸ ಮಾಡಬಾರದಾ ಅಪ್ಪಾ?" ಎಂದಳು ಮಗಳು. ಬಟ್ಟೆಯಲ್ಲಿ ಐಸ್ ಸುತ್ತಿ ಕೊಟ್ಟಳು. ನಂಬಿದ ಹಾಗೆ.

ಐಸ್ ಕರಗುವವರೆಗೂ ನಾನು ನೆಲ ನೋಡುತ್ತಿದ್ದೆ.

ವಿಚಾರಣೆಯ ದಿನ ಆ ಸಂಗೀತದ ಹುಚ್ಚರೆಲ್ಲ ಕೋರ್ಟಿನಲ್ಲಿ ತುಂಬಿದ್ದರು. ಮಗಳೂ ಇದ್ದಳು. ಗಿಟಾರಿನ ಹುಡುಗಿಯ ಪರ ಸಾಕ್ಷಿಗಳ ಸಾಲಿನಲ್ಲಿ ನನ್ನನ್ನು ಕಂಡು ಬೆಚ್ಚಿದಳು. ರೆಕಾರ್ಡಿಂಗ್ ಮೊದಲಿನಿಂದ ಹಾಕಿದರು. ಟ್ಯೂನು... ಲೀಡರನ ಮಾತು... ಚಪ್ಪಾಳೆ...

ಆಮೇಲೆ ಅವಳ ದನಿ. ಇಡೀ ಹಾಲ್ ಕೇಳಿತು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ನನ್ನನ್ನು ಕರೆದರು. ಅವತ್ತು ನಾನು ಕೇಳಿದ ಕಾರ್ಡು ಇದೇ, ತಿದ್ದಿಲ್ಲ ಎಂದು ಹೇಳಬೇಕಿತ್ತು. ಕಟಕಟೆ ಹತ್ತಿದೆ.

"ಏನ್ ಕೆಲಸ?" ಗುಮಾಸ್ತ ಕೇಳಿದ.

ಮಗಳು ಬೆರಳ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು.

"ಬಾಗಿಲು ಒಡೆಯೋದು," ಎಂದೆ. "ದುಡ್ಡು ಕೊಟ್ಟವರ ಪರವಾಗಿ ಜನರನ್ನ ಹೆದರಿಸೋದು."

ಗುಮಾಸ್ತ ತಲೆ ಕೂಡ ಎತ್ತಲಿಲ್ಲ.

'ಸ್ವಂತ ಉದ್ಯೋಗ' ಎಂದು ಬರೆದುಕೊಂಡ.